ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?

ನಿಘಂಟು ನೋಡುವುದು ಸುಲಭ. ಪದ ಗೊತ್ತಿರುತ್ತದೆ, ಅರ್ಥ ಗೊತ್ತಿರುವುದಿಲ್ಲ. ಅಕ್ಷರದ ಸಾಲು ಹಿಡಿದು ಹೋದರೆ ಪದ ಸಿಗುತ್ತದೆ, ಪಕ್ಕದಲ್ಲೇ ಅರ್ಥ ಕೂತಿರುತ್ತದೆ. ಮಳೆ ಬಿಟ್ಟ ಮಾರನೆಯ ದಿನ ಕೆರೆ ಏರಿಯ ಮೇಲೆ ಕಂಡ ಬಿಳಿ ಕಾಡು ಹೂವಿನ ವಿಷಯ ಹಾಗಲ್ಲ. ಅಲ್ಲಿ ಅರ್ಥವೇ ಕಣ್ಣೆದುರಿಗಿದೆ, ಬೇರು, ಕಾಂಡ, ಎಲೆ, ವಾಸನೆ ಸಮೇತ. ಗೊತ್ತಿಲ್ಲದಿರುವುದು ಪದ. ಸಾವಿರ ಪುಟದ ಸಸ್ಯ ಕೈಪಿಡಿಯಲ್ಲಿ ಅದನ್ನು ಎಲ್ಲಿಂದ ಹುಡುಕುವುದು? ಹೆಸರು ಗೊತ್ತಿದ್ದರೆ ಪುಟ ಸಿಗುತ್ತಿತ್ತು. ಪುಟ ಸಿಕ್ಕಿದ್ದರೆ ಹೆಸರು ಗೊತ್ತಾಗುತ್ತಿತ್ತು.

ಹೀಗೆ ಸಿಕ್ಕಿಬಿದ್ದವರು ಸಾಮಾನ್ಯವಾಗಿ ಚಿತ್ರಗಳನ್ನು ತಿರುವಲು ಶುರುಮಾಡುತ್ತಾರೆ. ನೂರು ಹೂವಿನ ಪುಸ್ತಕವಾದರೆ ಇದು ನಡೆದೀತು. ಆದರೆ ಕರ್ನಾಟಕದಲ್ಲಿ ಹೂ ಬಿಡುವ ಗಿಡ, ಮರ, ಬಳ್ಳಿ, ಹುಲ್ಲುಗಳ ಜಾತಿ 4,000ಕ್ಕೂ ಹೆಚ್ಚು. ಮುನ್ನೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಕಣ್ಣು ಸೋತು, ಬಿಳಿಯಾಗಿರುವುದೆಲ್ಲ ‘ಇದೇ ಇರಬೇಕು’ ಅನ್ನಿಸತೊಡಗುತ್ತದೆ. ಈ ಕಷ್ಟ ಹಳೆಯದು. ಕೊಚ್ಚಿಯಲ್ಲಿ ಡಚ್ಚರ ಆಡಳಿತ ನಡೆಸಿದ ವಾನ್ ರೀಡ್ ಮಲಬಾರಿನ ಗಿಡಮರಗಳ ಬಗ್ಗೆ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಮಹಾಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಅದು ಅಚ್ಚಾಯಿತು. ಅದರ ಏಳುನೂರಕ್ಕೂ ಹೆಚ್ಚು ಚಿತ್ರಗಳ ಮುಂದೆ ಇಂದಿಗೂ ಕಣ್ಣು ನಿಲ್ಲುತ್ತದೆ. ಆದರೆ ಕೈಯಲ್ಲೊಂದು ಅಪರಿಚಿತ ಗಿಡ ಹಿಡಿದು ಆ ಗ್ರಂಥದ ಮುಂದೆ ಕೂತವನಿಗೆ ಹಾಳೆ ತಿರುವುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಹಾಗಾದರೆ ಗಿಡ ಬಲ್ಲವರು ಏನು ಮಾಡುತ್ತಾರೆ? ಐದಾರು ನಿಮಿಷ ಹೂವನ್ನು ನೋಡಿ, ಪುಸ್ತಕದ ಎರಡು ಮೂರು ಕಡೆ ಬೆರಳಿಟ್ಟು, ನೇರವಾಗಿ ಒಂದು ಪುಟಕ್ಕೆ ಹೋಗಿಬಿಡುತ್ತಾರೆ. ಅವರಿಗೆ ನಾಲ್ಕು ಸಾವಿರ ಗಿಡಗಳೂ ಬಾಯಿಪಾಠ ಇರುವುದಿಲ್ಲ. ಅವರ ಬಳಿ ಇರುವುದು ಒಂದು ಉಪಾಯ. ಅದು ನಮಗೂ ಗೊತ್ತು, ಮದುವೆಮನೆಯಲ್ಲಿ ನೋಡಿದ್ದೇವೆ.

ಮದುವೆಮನೆಯ ಅಜ್ಜಿ

ಛತ್ರದಲ್ಲಿ ಐನೂರು ಜನ. ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿ, ಎದುರಿಗೆ ಸುಳಿದ ಹುಡುಗಿಯೊಬ್ಬಳನ್ನು ಕೈಹಿಡಿದು ನಿಲ್ಲಿಸುತ್ತಾರೆ.

“ಯಾರಮ್ಮಾ ನೀನು? ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?”

“ಹೆಣ್ಣಿನ ಕಡೆ ಅಜ್ಜಿ.”

“ಹುಡುಗಿಯ ಅಪ್ಪನ ಕಡೆಯವಳೋ, ಅಮ್ಮನ ಕಡೆಯವಳೋ?”

“ಅಮ್ಮನ ಕಡೆ.”

“ತಿಪಟೂರಿನವರೋ, ಅರಸೀಕೆರೆಯವರೋ?”

“ತಿಪಟೂರು.”

“ಹಾಗಾದ್ರೆ ಸರೋಜನ ಮಗಳೇನೇ ನೀನು!”

ಅಜ್ಜಿ ಐನೂರು ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಲಿಲ್ಲ. ಮೊದಲ ಉತ್ತರಕ್ಕೆ ಅರ್ಧ ಛತ್ರ ಖಾಲಿಯಾಯಿತು. ಎರಡನೆಯದಕ್ಕೆ ಉಳಿದರ್ಧದಲ್ಲಿ ಅರ್ಧ ಹೋಯಿತು. ಪ್ರತಿ ಪ್ರಶ್ನೆಯೂ ಗುಂಪನ್ನು ಸರಿಯಾಗಿ ಎರಡು ಪಾಲು ಮಾಡುವಂತಿದ್ದರೆ, ಐನೂರು ಜನರಲ್ಲಿ ಒಬ್ಬರನ್ನು ಹಿಡಿಯಲು 9 ಪ್ರಶ್ನೆ ಸಾಕು. 10 ಪ್ರಶ್ನೆಗೆ 1,024 ಜನ, 13ಕ್ಕೆ 8,192. ಅಂದರೆ ಕರ್ನಾಟಕದ ಅಷ್ಟೂ ಹೂಗಿಡಗಳಲ್ಲಿ ಒಂದನ್ನು ಬೇರ್ಪಡಿಸಲು, ಲೆಕ್ಕದ ಪ್ರಕಾರ, 13 ಪ್ರಶ್ನೆ ಬೇಕಾದಷ್ಟಾಯಿತು. ಇಡೀ ಭೂಮಿಯ ಮೇಲೆ ತಿಳಿದಿರುವ ಹೂಗಿಡಗಳ ಜಾತಿ ಸುಮಾರು 3 ಲಕ್ಷ. ಅಷ್ಟಕ್ಕೂ 19 ಪ್ರಶ್ನೆ ಮೀರಬೇಕಾಗಿಲ್ಲ. ನನಗೆ ಈ ಲೆಕ್ಕ ಮೊದಲ ಸಲ ತಿಳಿದ ದಿನ ದಪ್ಪ ಪುಸ್ತಕಗಳ ಭಯ ಹೋಯಿತು.

ಜೋಡಿ ಸಾಲುಗಳು

ಅಜ್ಜಿಯ ಈ ಉಪಾಯವನ್ನು ಗಿಡಗಳಿಗೆ ಅಚ್ಚುಕಟ್ಟಾಗಿ ಅನ್ವಯಿಸಿದವನು ಫ್ರಾನ್ಸಿನ ಲಮಾರ್ಕ್. ಜೀವವಿಕಾಸದ ಪಾಠದಲ್ಲಿ ಜಿರಾಫೆಯ ಕತ್ತಿನ ಜೊತೆ ನೆನಪಾಗುವ ಲಮಾರ್ಕನೇ ಈತ. ಅದಕ್ಕೆ ಎಷ್ಟೋ ಮೊದಲು, 1778ರಲ್ಲಿ, ಆತ ಫ್ರಾನ್ಸಿನ ಸಸ್ಯಗಳ ಬಗ್ಗೆ ಮೂರು ಸಂಪುಟಗಳ ಪುಸ್ತಕ ಬರೆದ. ಪಂಡಿತರ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲೇ ಬರೆದ. ಅದರಲ್ಲಿ ಓದುಗನ ಮುಂದೆ ಪ್ರತಿ ಹೆಜ್ಜೆಗೂ ಎರಡು ಸಾಲುಗಳಿದ್ದವು: ಹೀಗಿದ್ದರೆ ಈ ಸಂಖ್ಯೆಗೆ ಹೋಗು, ಹಾಗಿದ್ದರೆ ಆ ಸಂಖ್ಯೆಗೆ ಹೋಗು. ಆರಿಸುತ್ತಾ ಹೋದರೆ ಕೊನೆಯಲ್ಲೊಂದು ಹೆಸರು. ಸಸ್ಯಶಾಸ್ತ್ರದವರು ಇದನ್ನು ಡೈಕಾಟಮಸ್ ಕೀ ಎನ್ನುತ್ತಾರೆ. ಹೆಜ್ಜೆಹೆಜ್ಜೆಗೂ ಎರಡಾಗಿ ಒಡೆಯುವ ದಾರಿಯಾದ್ದರಿಂದ ನಾನು ಕವಲುಪಟ್ಟಿ ಎನ್ನುತ್ತೇನೆ.

ನಮ್ಮಲ್ಲಿಗೂ ಕವಲುಪಟ್ಟಿಗಳು ಬಂದವು. ಬೆಳಗಾವಿ, ಧಾರವಾಡ, ಕಾರವಾರದ ಕಡೆಯವರಿಗೆ ಥಿಯೊಡರ್ ಕುಕ್ ಬರೆದ ಮುಂಬಯಿ ಪ್ರಾಂತ್ಯದ ಸಸ್ಯಗ್ರಂಥ (1901–1908), ದಕ್ಷಿಣ ಕನ್ನಡದವರಿಗೆ ಗ್ಯಾಂಬಲ್ ಆರಂಭಿಸಿದ ಮದರಾಸು ಪ್ರಾಂತ್ಯದ ಸಸ್ಯಗ್ರಂಥ (1915–1936) ದಾರಿ ತೋರಿಸಿದವು. 1976ರಲ್ಲಿ ಸೆಸಿಲ್ ಸಲ್ಡಾನ ಮತ್ತು ಡಾನ್ ನಿಕಲ್ಸನ್ ಹಾಸನ ಜಿಲ್ಲೆಯೊಂದಕ್ಕೇ ಮೀಸಲಾದ ದೊಡ್ಡ ಪುಸ್ತಕ ತಂದರು. ಸಕಲೇಶಪುರದ ಘಟ್ಟದ ಕಾಡಿನಿಂದ ಅರಸೀಕೆರೆಯ ಒಣಭೂಮಿಯವರೆಗೆ ಹರಡಿದ ಜಿಲ್ಲೆ ಅದು. ಮಲೆನಾಡಿನ ಗಿಡವೂ ಬಯಲುಸೀಮೆಯ ಗಿಡವೂ ಒಂದೇ ಹೊದಿಕೆಯೊಳಗೆ ಸಿಗುತ್ತವೆ. ಈ ಮೂರೂ ಇಂಗ್ಲಿಷಿನವು. ಲಮಾರ್ಕ್ ತನ್ನ ಜನರ ಮಾತಿನಲ್ಲಿ ಮಾಡಿದ ಹಾಗೆ ನಮ್ಮ ಒಂದೊಂದು ತಾಲೂಕಿಗೂ ಕನ್ನಡದಲ್ಲಿ ಒಂದೊಂದು ಕವಲುಪಟ್ಟಿ ಬರಬೇಕೆಂಬುದು ನನ್ನ ಬಹುಕಾಲದ ಆಸೆ. ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳ ಗುರುತು ಹೇಳಿಕೊಟ್ಟದ್ದನ್ನು ಓದಿದವರಿಗೆ, ಆ ಕೆಲಸಕ್ಕೆ ಬೇಕಾದ ಮಾತು ನಮ್ಮ ಭಾಷೆಯಲ್ಲಿದೆ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಸೀರೆಯ ಬಣ್ಣ, ಮೂಗಿನ ಅಚ್ಚು

ಅಜ್ಜಿ ಆ ಹುಡುಗಿಯನ್ನು “ನಿನ್ನ ಸೀರೆ ಯಾವ ಬಣ್ಣ?” ಎಂದು ಕೇಳಲಿಲ್ಲ. ಕೇಳಿದ್ದರೂ ಗುಂಪು ಎರಡಾಗುತ್ತಿತ್ತು. ಆದರೆ ಮುಹೂರ್ತದ ಸೀರೆ ಆರತಕ್ಷತೆಗೆ ಇರುವುದಿಲ್ಲ. ಕವಲುಪಟ್ಟಿ ಮಾಡುವವರ ಜಾಣತನವೆಲ್ಲ ಇಲ್ಲಿದೆ: ಬದಲಾಗದ ಗುರುತನ್ನು ಮೊದಲು ಕೇಳಬೇಕು.

ಹೂವಿನ ಬಣ್ಣ ಸೀರೆಯಂಥದು. ಬೇಲಿಯಲ್ಲಿರುವ ಲಂಟಾನದ ಒಂದು ಗೊಂಚಲು ನೋಡಿ. ನಡುವೆ ಈಗಷ್ಟೇ ಅರಳಿದವು ಹಳದಿ, ಅಂಚಿನಲ್ಲಿ ಮೊದಲೇ ಅರಳಿದವು ಗುಲಾಬಿ. ಒಂದೇ ಹೂವು ದಿನ ಕಳೆದಂತೆ ಬಣ್ಣ ಬದಲಿಸುತ್ತದೆ. ಹೂಗಳನ್ನು ಬಣ್ಣದ ಪ್ರಕಾರ ಜೋಡಿಸಿದ ಕಿರುಪುಸ್ತಕದಲ್ಲಿ ಇದನ್ನು ಯಾವ ಭಾಗದಲ್ಲಿ ಹುಡುಕುತ್ತೀರಿ? ಎಲೆಯನ್ನೂ ಪೂರ್ತಿ ನಂಬುವಂತಿಲ್ಲ. ಎಳೆಯ ಹಲಸಿನ ಸಸಿಯಲ್ಲಿ ಎಲೆ ಎಷ್ಟೋ ಸಲ ಸೀಳುಸೀಳಾಗಿರುತ್ತದೆ. ಬೆಳೆದ ಮರದಲ್ಲಿ ಅಂಚು ನುಣ್ಣಗೆ. ಇನ್ನು ಎತ್ತರವಂತೂ ನೀರು ಕಂಡಂತೆ. ಕಲ್ಲುಸಂದಿಯಲ್ಲಿ ಗೇಣುದ್ದಕ್ಕೆ ನಿಂತ ಗಿಡವೇ ಗದ್ದೆ ಬದುವಿನಲ್ಲಿ ಮೊಣಕಾಲು ಮುಟ್ಟುತ್ತದೆ.

ಬದಲಾಗದೆ ಉಳಿಯುವುದು ಹೂವಿನ ಕಟ್ಟಡ. ಎಷ್ಟು ಭಾಗ, ಯಾವುದು ಯಾವುದಕ್ಕೆ ಅಂಟಿದೆ, ಯಾವುದರ ಮೇಲೆ ಯಾವುದು ಕೂತಿದೆ ಎಂಬ ಲೆಕ್ಕ. ಇದೇಕೆ ಇಷ್ಟು ಗಟ್ಟಿ? ಒಂದನೆಯದಾಗಿ, ಹೂವಿನ ನಕ್ಷೆ ತಯಾರಾಗುವುದು ಮೊಗ್ಗು ಕಣ್ಣಿಗೆ ಕಾಣದಷ್ಟು ಚಿಕ್ಕದಿರುವಾಗ, ಬಿಸಿಲು ಗಾಳಿಗಳ ಕೈಗೆ ಸಿಗುವ ಮುನ್ನ. ಎಲೆಯ ಹಾಗೆ ಬೆಳಕು ಕಡಿಮೆಯೆಂದು ಅಗಲವಾಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಎರಡನೆಯದು ಇನ್ನೂ ಮುಖ್ಯ. ಹೂವೆಂಬುದು ಜೇನಿನದೋ ಚಿಟ್ಟೆಯದೋ ಮೈಗೆ ಸರಿಹೊಂದುವ ಅಚ್ಚು. ಎಲೆ ಸ್ವಲ್ಪ ಸೊಟ್ಟಗಾದರೂ ಗಿಡ ಬದುಕುತ್ತದೆ. ಕೇಸರ ಜಾಗ ತಪ್ಪಿದರೆ ಪರಾಗ ಕೀಟದ ಬೆನ್ನಿಗೆ ಅಂಟುವುದಿಲ್ಲ, ಬೀಜವಾಗುವುದಿಲ್ಲ, ಆ ತಪ್ಪು ಮೊಮ್ಮಕ್ಕಳಿಗೆ ದಾಟುವುದೇ ಇಲ್ಲ. ಹೀಗೆ ತಲೆಮಾರುಗಳ ಕಾಲ ತಿದ್ದಿಸಿಕೊಂಡ ಅಚ್ಚು ಒಂದೇ ವಂಶದ ಗಿಡಗಳಲ್ಲೆಲ್ಲ ಉಳಿದುಬರುತ್ತದೆ, ಮನೆತನದ ಮೂಗಿನ ಹಾಗೆ. ಸೀರೆ ಯಾವುದಿದ್ದರೂ ಸರೋಜನ ಮೂಗು ಮಗಳಲ್ಲಿ ಕಾಣುತ್ತದೆ.

ಹೂದೋಟದ ಗಿಡಗಳು ಮಾತ್ರ ಈ ನಿಯಮ ಮುರಿಯುತ್ತವೆ. ಕಾಡುಗುಲಾಬಿಗೆ ಐದೇ ಎಸಳು. ಅಂಗಡಿಯ ಗುಲಾಬಿಗೆ ಎಣಿಸಲಾರದಷ್ಟು. ಕೇಸರವಾಗಬೇಕಾದದ್ದು ಎಸಳಾಗಿ ಬೆಳೆಯುವ ಜೀನಿನ ಏರುಪೇರನ್ನು ಮನುಷ್ಯ ಚೆಂದವೆಂದು ಉಳಿಸಿಕೊಂಡಿದ್ದಾನೆ. ಎಸಳು ತುಂಬಿದ ದಾಸವಾಳ, ಸುತ್ತು ನಂದಿಬಟ್ಟಲಿನ ಕಥೆಯೂ ಇದೇ. ಮೊದಲ ಅಭ್ಯಾಸಕ್ಕೆ ಅಂಗಳದ ಕುಂಡ ಬೇಡ, ಬೇಲಿಸಾಲು ಮೇಲು ಎಂದು ನಾನು ಹೇಳುವುದು ಇದಕ್ಕೇ.

ಬದನೆಯ ಟೋಪಿ, ಸೀಬೆಯ ಕಿರೀಟ

ಕವಲುಪಟ್ಟಿಯಲ್ಲಿ ಪದೇ ಪದೇ ಎದುರಾಗಿ ಹೊಸಬರನ್ನು ಹೆದರಿಸುವ ಪ್ರಶ್ನೆ ಒಂದಿದೆ: ಮುಂದೆ ಕಾಯಾಗುವ ಅಂಡಾಶಯ ಮೇಲಿದೆಯೋ ಕೆಳಗಿದೆಯೋ? ಉತ್ತರ ಅಡುಗೆಮನೆಯಲ್ಲಿದೆ.

ಒಂದು ಬದನೆಕಾಯಿ, ಒಂದು ಸೀಬೆಹಣ್ಣು ಪಕ್ಕಪಕ್ಕ ಇಡಿ. ಬದನೆಯ ಹಸಿರು ಟೋಪಿ ತೊಟ್ಟಿನ ಕಡೆಗಿದೆ. ಅದು ಹೂವಿನ ಹೊರಸುತ್ತು. ಮೊಗ್ಗನ್ನು ಮುಚ್ಚಿದ್ದ ಹಸಿರು ಬಟ್ಟಲು. ಕಾಯಿ ಆ ಬಟ್ಟಲಿನೊಳಗಿಂದ ಮುಂದಕ್ಕೆ ಬೆಳೆದಿದೆ, ಅಂದರೆ ಅಂಡಾಶಯ ಬಟ್ಟಲಿನ ಮೇಲಿತ್ತು. ಸೀಬೆಯಲ್ಲಿ ಅದೇ ಬಟ್ಟಲಿನ ಒಣಗಿದ ಚೂರುಗಳು ತೊಟ್ಟಿನ ಎದುರು ತುದಿಯಲ್ಲಿ ಕಿರೀಟದಂತೆ ಕೂತಿವೆ. ಕಾಯಿ ಬೆಳೆದದ್ದು ಹೂವಿನ ಕೆಳಗೆ. ದಾಳಿಂಬೆಯ ಕಿರೀಟವೂ ಹಾಗೆಯೇ. ಎಳೆ ಕುಂಬಳಕಾಯಿಯ ತುದಿಯಲ್ಲಿ ಬಾಡಿದ ಹೂವು ಅಂಟಿಕೊಂಡಿರುವುದನ್ನು ನೋಡಿದವರಿಗೆ ವಿವರಣೆಯೇ ಬೇಡ. ಒಂದು ಸಲ ತರಕಾರಿ ಬುಟ್ಟಿಯಲ್ಲಿ ಇದನ್ನು ಕಂಡುಕೊಂಡ ಮೇಲೆ ಯಾವ ಕಾಡುಹೂವನ್ನು ಹಿಡಿದರೂ ಬೆರಳು ತಾನಾಗಿ ಹೂವಿನ ಕೆಳಭಾಗಕ್ಕೆ ಹೋಗುತ್ತದೆ.

ಕೆರೆ ಏರಿಯ ಹೂವು

ಈಗ ಆ ಬಿಳಿ ಹೂವಿಗೆ ಬರೋಣ. ನಿಮ್ಮಲ್ಲಿ ಹಲವರಿಗೆ ಅದರ ಹೆಸರು ಗೊತ್ತು; ಹೂ ಕಿತ್ತು ತುದಿ ಚೀಪಿ ಸಿಹಿ ಕಂಡವರೂ ಇರುತ್ತೀರಿ. ಆದರೂ ಗೊತ್ತಿಲ್ಲವೆಂದೇ ಇಟ್ಟುಕೊಳ್ಳಿ. ಕವಲುಪಟ್ಟಿಯನ್ನು ಕಲಿಯುವುದು ಹೆಸರು ಗೊತ್ತಿರುವ ಗಿಡದ ಮೇಲೆಯೇ, ದಾರಿ ತಪ್ಪಿದರೆ ತಕ್ಷಣ ತಿಳಿಯಲೆಂದು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರವೊಂದು ಜೊತೆಗಿರಲಿ.

ಮೊದಲ ಕವಲು: ಏಕದಳವೋ ದ್ವಿದಳವೋ? ಬೀಜ ಬಿಚ್ಚಬೇಕಾಗಿಲ್ಲ. ಎಲೆಯ ನರಗಳು ಜೋಳದ ಗರಿಯಂತೆ ಉದ್ದಕ್ಕೆ ಸಾಲಾಗಿ ಓಡುತ್ತವೆಯೇ, ಇಲ್ಲ ಬಲೆಯಂತೆ ಹೆಣೆದಿವೆಯೇ? ಬಲೆ. ದ್ವಿದಳ.

ಎಸಳುಗಳು ಸಾಸಿವೆ ಹೂವಿನ ಹಾಗೆ ಬಿಡಿಬಿಡಿಯೋ, ದತ್ತೂರದ ಹಾಗೆ ಕೂಡಿ ಕೊಳವೆಯೋ? ಮೆಲ್ಲಗೆ ಎಳೆದರೆ ಇಡೀ ಹೂವು ಒಂದೇ ತುಂಡಾಗಿ ಕೈಗೆ ಬರುತ್ತದೆ. ಕೊಳವೆ. ಅಂಡಾಶಯ? ಬದನೆಯ ಬಗೆ, ಮೇಲೆ.

ಮುಂದಿನ ಕವಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು. ಹೂವು ಚಕ್ರದ ಹಾಗೋ, ಮುಖದ ಹಾಗೋ? ಎಕ್ಕದ ಹೂವನ್ನು ಹೋಳಿಗೆಯಂತೆ ಹಲವು ಕಡೆಯಿಂದ ಸಮಪಾಲು ಮಾಡಬಹುದು. ಅದು ಚಕ್ರದ ಹೂ. ನಮ್ಮ ಮುಖವನ್ನು ಮೂಗಿನ ನೇರಕ್ಕೆ ಒಂದೇ ಒಂದು ಗೆರೆ ಎರಡು ಸಮಪಾಲು ಮಾಡುತ್ತದೆ. ನಮ್ಮ ಬಿಳಿ ಹೂವಿಗೂ ಮುಖವಿದೆ. ಕೆಳತುಟಿ ಅಗಲವಾಗಿ ಮುಂದೆ ಚಾಚಿದೆ, ಜೇನು ಬಂದು ಇಳಿಯುವ ಜಗುಲಿ ಅದು. ಮೇಲ್ತುಟಿ ಚಿಕ್ಕದು, ಮೈತುಂಬ ಬಿಳಿ ಕೂದಲಿನ ಕುಲಾವಿ. ಆ ಕುಲಾವಿಯನ್ನು ಸೂಜಿಯಿಂದ ಎತ್ತಿದರೆ ನಾಲ್ಕು ಕೇಸರಗಳು ಕಾಣುತ್ತವೆ, ಎರಡು ಉದ್ದ, ಎರಡು ಗಿಡ್ಡ. ಜಗುಲಿಗೆ ಇಳಿದ ಜೇನು ಮಕರಂದಕ್ಕೆ ತಲೆ ತೂರಿಸಿದಾಗ ಪರಾಗ ಮೇಲಿನಿಂದ ಅದರ ಮೈಗೆ ಮೆತ್ತುತ್ತದೆ. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1735ರಲ್ಲಿ ಸಸ್ಯಲೋಕವನ್ನು 24 ವರ್ಗಗಳಾಗಿ ಹಂಚಿದ್ದು ಬಹುಮಟ್ಟಿಗೆ ಕೇಸರಗಳನ್ನು ಎಣಿಸಿ, ಅಳೆದು. ಎರಡುದ್ದ ಎರಡು ಗಿಡ್ಡ ಇದ್ದವಕ್ಕೆ ಅವನಲ್ಲಿ ಒಂದು ಪ್ರತ್ಯೇಕ ವರ್ಗವೇ ಇತ್ತು.

ಈಗ ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ. ಉರುಳುವುದಿಲ್ಲ, ತಟತಟ ಎಂದು ಮಗ್ಗುಲು ಬದಲಿಸುತ್ತದೆ. ಚೌಕ ಕಾಂಡ. ಎಲೆಗಳು ಎದುರುಬದುರು. ತುಳಸಿ, ಪುದೀನ, ದೊಡ್ಡಪತ್ರೆಯ ಎಳೆ ಕಾಂಡಗಳನ್ನು ಹೀಗೇ ಹೊರಳಿಸಿ ನೋಡಿ, ಅದೇ ಅನುಭವ. ಆದರೆ ಇಷ್ಟಕ್ಕೇ ತುಳಸಿಯ ಕುಟುಂಬ ಎಂದುಬಿಡುವಂತಿಲ್ಲ, ಆಡುಸೋಗೆಯ ಕುಟುಂಬದವೂ ಎದುರೆಲೆ, ತುಟಿಹೂವುಗಳೊಂದಿಗೆ ಇದೇ ವೇಷದಲ್ಲಿರುತ್ತವೆ. ಇವೆರಡನ್ನೂ ಬೇರೆ ಮಾಡುವುದು ಕಾಯಿ. ಆಡುಸೋಗೆಯ ಬಳಗದ್ದು ಎರಡು ಹೋಳಾಗಿ ಸಿಡಿಯುವ ಒಣಕಾಯಿ. ನಮ್ಮ ಗಿಡದ ಒಣ ಬಟ್ಟಲನ್ನು ಅಂಗೈಗೆ ಕೊಡವಿದರೆ ಬೀಳುವುದು ನಾಲ್ಕು ಪುಟ್ಟ ಕಾಳು. ಹೆಚ್ಚಿಲ್ಲ, ಕಡಿಮೆಯೂ ಅಪರೂಪ. ತುಳಸಿಯ ಕುಟುಂಬವೇ ಸರಿ. ಅಂದಹಾಗೆ ಡಿಎನ್‌ಎ ಹೋಲಿಸಿ ನೋಡಿದ ಈಚಿನ ವರ್ಗೀಕರಣದಲ್ಲಿ ತೇಗವೂ ಲಕ್ಕಿಗಿಡವೂ ಇದೇ ಕುಟುಂಬಕ್ಕೆ ಬಂದಿವೆ. ತುಳಸಿಕಟ್ಟೆಯ ಗಿಡಕ್ಕೂ ಬಾಗಿಲ ಚೌಕಟ್ಟಿನ ಮರಕ್ಕೂ ನೆಂಟಸ್ತಿಕೆ!

ಇನ್ನುಳಿದದ್ದು ಹಸಿರು ಬಟ್ಟಲು. ಅದರ ಅಂಚಿನಲ್ಲಿ ಎಂಟರಿಂದ ಹತ್ತು ಹಲ್ಲು. ಹೂಗಳು ಗಿಣ್ಣಿನ ಸುತ್ತ ಚೆಂಡಿನಂತೆ ಒತ್ತಾಗಿ. ಲ್ಯೂಕಸ್ ಎಂಬ ಜಾತಿಗುಂಪು ಸಿಕ್ಕಿತು. ಬಟ್ಟಲಿನ ಬಾಯಿ ನೇರವೋ ಓರೆಯೋ? ಓರೆ, ಒಂದು ಕಡೆ ಎತ್ತರಿಸಿದ ಹಾಗಿದೆ. ಎಲೆ ಸಣ್ಣ, ಉದ್ದ, ಮುಟ್ಟಿದರೆ ಒರಟು. ಹೆಸರು ಬಂತು: ಲ್ಯೂಕಸ್ ಆಸ್ಪೆರ. ಲ್ಯೂಕಸ್ ಎಂಬುದರ ಮೂಲ ಗ್ರೀಕಿನ ‘ಬಿಳಿ’, ಆಸ್ಪೆರ ಎಂದರೆ ಲ್ಯಾಟಿನ್ನಿನಲ್ಲಿ ಒರಟು. ಶಿವನ ಪೂಜೆಗೆ ನಾವು ಬಿಡಿಸಿ ತರುವ ತುಂಬೆ.

ಐದು ಎಸಳು ಎಂದು ಎಣಿಸಿದಾಗ

ಕವಲುದಾರಿಗೆ ಒಂದು ಕ್ರೂರ ಗುಣವಿದೆ. ಒಂದೇ ಕಡೆ ತಪ್ಪಿದರೂ ಮುಂದಿನ ಹೆಜ್ಜೆಗಳೆಲ್ಲ ತಪ್ಪು ಕಾಡಿನಲ್ಲಿ. ಪ್ರತಿ ಪ್ರಶ್ನೆಗೂ ಹತ್ತರಲ್ಲಿ ಒಂಬತ್ತು ಸಲ ಸರಿಯುತ್ತರ ಕೊಡುವವರು ನೀವೆಂದುಕೊಳ್ಳಿ. ಒಳ್ಳೆಯ ಅಂಕವೇ. ಆದರೆ 13 ಪ್ರಶ್ನೆ ದಾಟಿ ಸರಿಯಾದ ಹೆಸರು ಮುಟ್ಟುವುದು ನಾಲ್ಕು ಸಲಕ್ಕೆ ಒಮ್ಮೆ ಮಾತ್ರ. ನೂರಕ್ಕೆ ತೊಂಬತ್ತೊಂಬತ್ತರ ಖಚಿತತೆ ಇದ್ದರೆ ನೂರರಲ್ಲಿ ಸುಮಾರು ಎಂಬತ್ತೆಂಟು ಸಲ ತಲುಪುತ್ತೀರಿ. ಆದ್ದರಿಂದಲೇ ಅನುಭವಿಗಳು ಪುಸ್ತಕ ತೆರೆಯುವ ಮೊದಲು ಗಿಡವನ್ನು ಅಷ್ಟು ಹೊತ್ತು ನೋಡುವುದು. ಒಂದಲ್ಲ, ಮೂರು ನಾಲ್ಕು ಹೂಗಳನ್ನು ಎಣಿಸುವುದು.

ನನ್ನ ಮೊದಲ ತಪ್ಪು ಟ್ರೈಡ್ಯಾಕ್ಸಿನಲ್ಲಾಯಿತು. ರಸ್ತೆಬದಿಯಲ್ಲೆಲ್ಲ ಉದ್ದ ತೊಟ್ಟಿನ ಮೇಲೆ ತಲೆಯೆತ್ತಿ ನಿಂತಿರುತ್ತದಲ್ಲ, ಹಳದಿ ನಡುವಿನ ಸುತ್ತ ಕೆನೆಬಣ್ಣದ ಸುತ್ತಂಚು. ‘ಐದು ಎಸಳು’ ಎಂದು ಎಣಿಸಿ ಹೊರಟೆ. ಒಂದು ಸಂಜೆಯೆಲ್ಲ ಅಲೆದು ಎಲ್ಲಿಗೂ ಮುಟ್ಟಲಿಲ್ಲ. ಮರುದಿನ ಅದನ್ನು ಉಗುರಿನಿಂದ ಸೀಳಿದಾಗ ಕಣ್ಣು ತೆರೆಯಿತು. ಒಳಗೆ ಹತ್ತಾರು ಪುಟ್ಟ ಹಳದಿ ಹೂಗಳು, ಪ್ರತಿಯೊಂದಕ್ಕೂ ತನ್ನದೇ ಕೊಳವೆ, ತನ್ನದೇ ಎಳೆ ಬೀಜ. ನಾನು ಎಸಳೆಂದು ಎಣಿಸಿದ ಐದೂ ಒಂದೊಂದು ಪೂರ್ತಿ ಹೂವು. ಒಂದೊಂದರ ತುದಿಯಲ್ಲೂ ಮೂರು ಹಲ್ಲು. ಸೂರ್ಯಕಾಂತಿ, ಸೇವಂತಿಗೆ, ಪಾರ್ಥೇನಿಯಂ ಎಲ್ಲವೂ ಹೀಗೆ ಹೂಗಳ ಸಂತೆಯೇ. ಕಾಗದದ ಹೂವಿನಲ್ಲಿ ಇನ್ನೊಂದು ಬಗೆಯ ಮೋಸ: ಬಣ್ಣದ ಮೂರು ಹಾಳೆಗಳು ಎಲೆಯ ಮಾರುರೂಪ, ನಿಜವಾದ ಹೂವು ಅವುಗಳ ನಡುವಿನ ಸಣ್ಣ ಕೊಳವೆ.

ಒಳ್ಳೆಯ ಕವಲುಪಟ್ಟಿ ಬರೆದವರು ಇಂಥ ಎಡವುವ ಜಾಗಗಳನ್ನು ಬಲ್ಲರು. ಓದುಗ ಎರಡು ಕಡೆಗೂ ಹೋಗಬಹುದಾದ ಗಿಡವನ್ನು ಎರಡೂ ಕವಲಿನಲ್ಲಿ ಇಟ್ಟಿರುತ್ತಾರೆ. ಹೆಸರು ಸಿಕ್ಕ ಮೇಲೆ ಆ ಪುಟದ ಪೂರ್ಣ ವರ್ಣನೆಯನ್ನು ಗಿಡದ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡಬೇಕು. ಚಿತ್ರಗಳ ನಿಜವಾದ ಉಪಯೋಗ ಆಗ.

ಇಷ್ಟು ಎಚ್ಚರ ಏಕೆಂದರೆ ಹೆಸರಿನ ಹಿಂದೆ ಮದ್ದೂ ಇದೆ, ವಿಷವೂ ಇದೆ. ‘ಬ್ರಾಹ್ಮಿ’ ಎಂದರೆ ನಮ್ಮಲ್ಲಿ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಒಂದೆಲಗ ಕೊತ್ತಂಬರಿಯ ಕುಟುಂಬದ್ದು, ನೀರುಬ್ರಾಹ್ಮಿ ಅದಕ್ಕೆ ದೂರದ ನೆಂಟನೂ ಅಲ್ಲ. ‘ಶಂಖಪುಷ್ಪಿ’ಯ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಗಿಡಗಳು ಬಳಕೆಯಲ್ಲಿವೆ. ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯನ್ನು ಗೆಣಸೆಂದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಕವಲುಪಟ್ಟಿಯಲ್ಲಿ ಸಿಕ್ಕ ಹೆಸರನ್ನು ನಂಬಿ ಯಾವುದನ್ನೂ ಬಾಯಿಗೆ ಹಾಕಬೇಡಿ.

ಎರಡು ಸಾಲಿಗೂ ಒಪ್ಪದ ಗಿಡ

ಈಗ ಮೊಬೈಲಿಗೆ ಹೂವಿನ ಫೋಟೊ ತೋರಿಸಿದರೆ ಕ್ಷಣದಲ್ಲಿ ಹೆಸರು ಬರುತ್ತದೆ. ಹೆಸರು ಹಚ್ಚಿದ ಲಕ್ಷಾಂತರ ಚಿತ್ರಗಳಿಂದ ಕಲಿತ ಆ್ಯಪ್ ಹೋಲಿಕೆಯ ಮೇಲೆ ಊಹಿಸುತ್ತದೆ. ಊರ ಸುತ್ತಲಿನ ಗಿಡಗಳಿಗೆ ಊಹೆ ಹೆಚ್ಚಾಗಿ ಸರಿಯಿರುತ್ತದೆ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ ಕಾಂಡ ಹೊರಳಿಸಲು ಬೆರಳಿಲ್ಲ, ಬಟ್ಟಲು ಕೊಡವಲು ಅಂಗೈಯಿಲ್ಲ. ನಾನು ಅದು ಹೇಳಿದ ಹೆಸರಿನಿಂದ ಹೊರಟು, ಕವಲುಪಟ್ಟಿಯಲ್ಲಿ ಹಿಂದಕ್ಕೆ ನಡೆದು, ಒಂದೊಂದು ಕವಲಿನಲ್ಲೂ ಗಿಡವನ್ನು ಕೇಳುತ್ತೇನೆ.

ಒಮ್ಮೊಮ್ಮೆ ಘಟ್ಟದ ಬಂಡೆಯ ಮೇಲೋ ಹುಲ್ಲುಗಾವಲಿನ ಅಂಚಿನಲ್ಲೋ ಒಂದು ಗಿಡ ಸಿಗುತ್ತದೆ. ಕುಟುಂಬದವರೆಗೆ ದಾರಿ ಸಲೀಸು, ಜಾತಿಗುಂಪಿನವರೆಗೂ ಸಲೀಸು. ಕೊನೆಯ ಜೋಡಿ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಬಟ್ಟಲಿನ ಬಾಯಿ ನೇರವೆನ್ನುತ್ತದೆ ಒಂದು ಸಾಲು, ಓರೆಯೆನ್ನುತ್ತದೆ ಇನ್ನೊಂದು. ಕೈಯಲ್ಲಿರುವುದು ಎರಡೂ ಅಲ್ಲ. ಮೊದಲು ಅನುಮಾನಿಸಬೇಕಾದದ್ದು ನಮ್ಮ ಕಣ್ಣನ್ನು, ಹಾಗಾಗಿ ಮತ್ತೆ ಮೊದಲ ಕವಲಿನಿಂದ ಇನ್ನೊಂದು ಹೂವು ಹಿಡಿದು ನಡೆಯುವುದು. ಆಮೇಲೆ ಪುಸ್ತಕವನ್ನು: ಆ ಗಿಡ ಪಕ್ಕದ ಜಿಲ್ಲೆಯದಾಗಿ ಇಲ್ಲಿಯ ಪಟ್ಟಿಯಿಂದ ಹೊರಗುಳಿದಿರಬಹುದು. ಅಲ್ಲೂ ಇಲ್ಲದಿದ್ದರೆ ಒಂದು ಕೊಂಬೆಯನ್ನು ಹೂವು, ಕಾಯಿ ಸಮೇತ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಗಿಡಗಳ ಒಣಮಾದರಿಗಳನ್ನು ಕಾಪಾಡಿಟ್ಟಿರುವ ಹರ್ಬೇರಿಯಮ್ಮಿಗೆ ಒಯ್ಯುತ್ತಾರೆ. ಜೊತೆಗೊಂದು ಚೀಟಿ: ಊರು, ದಿನಾಂಕ, ಎತ್ತರ, ಮಣ್ಣು, ಒಣಗಿದರೆ ಮಾಸಿಹೋಗುವ ಹೂವಿನ ಬಣ್ಣ. ಹೆಸರಿನ ಜಾಗದಲ್ಲಿ ಲ್ಯೂಕಸ್ ಎಂದಷ್ಟೇ ಪೆನ್ಸಿಲಿನಲ್ಲಿ ಬರೆದು, ಮುಂದಿನ ಪದದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ.